ಡಾಕ್ಟರಮ್ಮ ಬರುತ್ತಾರೆಂದು ಚೀಲ ಅಡಗಿಸಿದ್ದು

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಮನೆಗೆ ದೊಡ್ಡವರು ಬಂದರೆ ಹೇಗೆ ನಡೆದುಕೊಳ್ಳಬೇಕೆಂದು ನನಗೆ ಯಾವ ಶಾಲೆಯೂ ಕಲಿಸಬೇಕಾಗಿಲ್ಲ. ಬೆಳಕೆ ಊರಿನ ನಮ್ಮ ಕೇರಿಯಲ್ಲಿ ಈ ವಿಷಯದಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದೇ ನಂಬಿದ್ದೆ.

ನನ್ನ ತಮ್ಮ ಮೋಹನ ತೆಂಗಿನ ಮರದಿಂದ ಬಿದ್ದು, ಬೆನ್ನುಹುರಿಗೆ ಪೆಟ್ಟಾಗಿ, ಎದೆಯಿಂದ ಕೆಳಗೆ ಸ್ವಾಧೀನ ಕಳೆದುಕೊಂಡಿದ್ದಾನೆ. ಕೈಗಳು ಸರಿಯಿವೆ. ಬಾಯಿ ಮೊದಲಿಗಿಂತ ಜೋರಾಗಿದೆ. ಮೂತ್ರಕ್ಕೆ ನಳಿಗೆ ಹಾಕಿದ್ದಾರೆ. ಅದು ಮಂಚದ ಬದಿಗೆ ತೂಗುವ ಚೀಲಕ್ಕೆ ಇಳಿಯುತ್ತದೆ. ಮೊದಲೆಲ್ಲ ತಪಾಸಣೆಗೆ ಅವನನ್ನು ವ್ಯಾನಿನಲ್ಲಿ ಮಲಗಿಸಿಕೊಂಡು ಮಂಗಳೂರಿಗೆ ಹೋಗುತ್ತಿದ್ದೆವು. ಹೆದ್ದಾರಿಯ ಪ್ರತಿ ಹೊಂಡಕ್ಕೂ ಅವನ ಬಳಿ ಬೇರೆ ಬೇರೆ ಬೈಗುಳವಿತ್ತು. ಈ ಸಲ ಆಸ್ಪತ್ರೆಯವರು, "ಮನೆಯಲ್ಲೇ ಇರಿ, ಡಾಕ್ಟರಮ್ಮ ವೀಡಿಯೋ ಕಾಲ್‌ನಲ್ಲಿ ನೋಡ್ತಾರೆ" ಎಂದರು.

ಡಾಕ್ಟರಮ್ಮ ನಮ್ಮ ಮನೆಗೆ! ಫೋನಿನೊಳಗೇ ಆಗಲಿ, ಬರುವುದು ಬರುವುದೇ ತಾನೆ?

ಅಂಗಳ ಗುಡಿಸಿದೆ. ಡಾಕ್ಟರಮ್ಮ ಅಂಗಳದಿಂದ ಬರುವುದಿಲ್ಲ ಎಂದು ಹೊಳೆದದ್ದು ಗುಡಿಸಿದ ಮೇಲೆ. ಗಾಲಿಕುರ್ಚಿಯನ್ನು ಅಡುಗೆಮನೆಗೆ ತಳ್ಳಿದೆ. ಇಡಗುಂಜಿಗೆ ಹೋಗಲೆಂದು ಹೊಲಿಸಿದ್ದ ಅಂಗಿಯನ್ನು ಮೋಹನನಿಗೆ ತೊಡಿಸಿ, ಕುತ್ತಿಗೆಯವರೆಗೂ ಗುಂಡಿ ಬಿಗಿದೆ. ಪಕ್ಕದ ಮನೆಯ ಶಾಂತಾಬಾಯಿ, ಮಗಳ ಮದುವೆಗೆಂದು ತೆಗೆದಿಟ್ಟಿದ್ದ ಗುಲಾಬಿ ಹೂವಿನ ಚಾದರ ತಂದುಕೊಟ್ಟರು. "ಜೋಪಾನ ಹಾಂ!" ಎಂದರು.

ಉಳಿದದ್ದು ಆ ಚೀಲ.

"ಅದೊಂದು ಇರ್ಲಿ ಬಿಡು ಅಕ್ಕ," ಎಂದ ಮೋಹನ. "ಅವ್ರು ಕೇಳೂದೇ ಅದನ್ನ."

"ಬಂದವ್ರ ಮುಂದೆ ಉಚ್ಚೆ ಚೀಲ ತೂಗ್ಸ್ತಾರನಾ? ಮರ್ಯಾದೆ ಎಂತದೂ ಬ್ಯಾಡ್ವಾ?"

ಚೀಲವನ್ನೆತ್ತಿ ಮಂಚದ ಮೇಲೆ ಚಾದರದೊಳಗೆ ತೂರಿಸಿದೆ. ಫೋಟೋಕ್ಕೆ ಕೂರುವಂತೆ ತಮ್ಮನ ಪಕ್ಕ ನಾನೂ ಕುಳಿತೆ. ಶಾಂತಾಬಾಯಿ ಎದುರಿಗೆ ಫೋನು ಹಿಡಿದು ನಿಂತರು. ಡಾಕ್ಟರಮ್ಮ ತಡವಾಗಿ ಬಂದರು. ಅಷ್ಟು ಹೊತ್ತೂ ನಾನು ಅಲುಗಾಡಲಿಲ್ಲ. ಶಿಸ್ತು ಎಂದರೆ ಶಿಸ್ತು!

"ಹೇಗಿದ್ದೀರಿ ಮೋಹನ್?"

"ಆರಾಮ ಇದ್ದ ಮೇಡಂ," ಎಂದೆ ನಾನು.

"ಊಟ, ನಿದ್ದೆ?"

"ಎಲ್ಲಾ ಚೊಲೋ ಮೇಡಂ," ಇದೂ ನಾನೇ.

"ಅಕ್ಕ, ತಲೆ ಸಿಡೀತಿದೆ," ಎಂದ ಮೋಹನ ಮೆಲ್ಲಗೆ.

"ಸುಮ್ನಿರೋ. ಅವ್ರು ಮಾತಾಡ್ತಾ ಇದ್ರು."

ಅವನ ಮುಖ ಕೆಂಪಾಯಿತು. ಹಣೆಯಿಂದ ಬೆವರು ಇಳಿಯಿತು. ಪಾಪ, ನಾಚಿಕೆ ಎಂದುಕೊಂಡು ಸೆರಗಿನಿಂದ ಒರೆಸಿದೆ. ಮತ್ತೆ ಬೆವರಿದ. ಮತ್ತೆ ಒರೆಸಿದೆ.

"ಅಮ್ಮಾ, ನೀವು ಸ್ವಲ್ಪ ಸುಮ್ಮನಿರಿ. ಮೋಹನ್, ನೀವು ಹೇಳಿ."

"ತಲೆ ಒಡೆದೇ ಹೋಗ್ತಿದೆ ಡಾಕ್ಟ್ರೇ."

ಡಾಕ್ಟರಮ್ಮನ ದನಿ ಬದಲಾಯಿತು. "ಚೀಲ ಎಲ್ಲಿ?"

"ಇಲ್ಲೇ ಇದೆ ಮೇಡಂ, ಚಂದ ಮಾಡಿ ಇಟ್ಟಿದ್ದೆ."

"ನಳಿಗೆ ಎಲ್ಲಿ?"

ಆಗ ಮೋಹನ ನಮ್ಮ ಮನೆತನದ ಮರ್ಯಾದೆಯನ್ನು ಮೂರಾಬಟ್ಟೆ ಮಾಡಿದ. "ಅಕ್ಕ ಕೂತಲ್ಲಿ ಅಡಿಗೆ ಇರ್ಬೇಕು ಡಾಕ್ಟ್ರೇ!"

"ಏಳಿ!"

ಎದ್ದೆ. ಕುಮಟಾ ಬಸ್ಸು ಹೊರಟಾಗಲೂ ನಾನು ಅಷ್ಟು ಬೇಗ ಎದ್ದವಳಲ್ಲ.

"ಅವರನ್ನು ಎತ್ತಿ ಕೂರಿಸಿ. ಗುಂಡಿ ಬಿಚ್ಚಿ. ಚೀಲ ಕೆಳಗೆ ತೂಗಿಸಿ. ಬೇಗ!"

ಶಾಂತಾಬಾಯಿ ಫೋನನ್ನು ಕಿಟಕಿಗೆ ಒರಗಿಸಿ ಓಡಿಬಂದರು. ಇಬ್ಬರೂ ಸೇರಿ ಎತ್ತಿ ಕೂರಿಸಿದೆವು. ಗುಂಡಿ ಬಿಚ್ಚಲು ಬರಲಿಲ್ಲ, ಕಿತ್ತೆ. ಚೀಲ ಕೆಳಗೆ ತೂಗಿಸಿದಾಗ ಮಡಚಿದ್ದ ನಳಿಗೆ ನೆಟ್ಟಗಾಗಿ ಅದು ತುಂಬತೊಡಗಿತು. ಅಷ್ಟು ಭಕ್ತಿಯಿಂದ ನಾನು ಇಡಗುಂಜಿಯ ಗಣಪತಿಯನ್ನೂ ನೋಡಿರಲಿಲ್ಲ.

"ಕೆಳಗೆ ಮೂತ್ರ ಕಟ್ಟಿದ್ದು ಅವರಿಗೆ ಗೊತ್ತಾಗೋದಿಲ್ಲ," ಎಂದರು ಡಾಕ್ಟರಮ್ಮ. "ಬಿಪಿ ಏರಿ ತಲೆ ಸಿಡಿಯುತ್ತೆ, ಬೆವರುತ್ತೆ. ಹಾಗೇ ಬಿಟ್ಟಿದ್ದರೆ ಜೀವಕ್ಕೇ ಅಪಾಯ." ಅವನ ತಲೆನೋವು ಇಳಿಯುವವರೆಗೂ ಅವರು ಫೋನು ಇಡಲಿಲ್ಲ.

ಅವನು ಹೇಳಿದ್ದ. ನನ್ನ ಪಕ್ಕದಲ್ಲೇ ಮಲಗಿ ಹೇಳಿದ್ದ. ಬಂದವರ ಮುಂದೆ ನಾನು ಚೆನ್ನಾಗಿ ಕಾಣಬೇಕೆಂದು ಅವನ ಬಾಯಿ ಮುಚ್ಚಿಸಿದ್ದೆ.

ಸಂಜೆ ಅಂಗಿಗೆ ಗುಂಡಿ ಹೊಲಿಯುತ್ತ, "ತಪ್ಪಾತು ಮೋಹನಾ" ಎಂದೆ. ಕಣ್ಣು ತುಂಬಿತ್ತು.

"ಆತು ಬಿಡು. ಮರದಿಂದ ಬಿದ್ದು ಸಾಯದವ ಅಕ್ಕನ ಭಾರಕ್ಕೆ ಸತ್ತ ಅಂದ್ರೆ ಊರವ್ರು ನಗ್ತಿದ್ರು."

ಮುಂದಿನ ಕರೆಗೆ ಅವನೇ ಫೋನು ಹಿಡಿದ. ಹಳೇ ಬನಿಯನ್ನು, ಹಳೇ ಹೊದಿಕೆ. ಮೊದಲು ಚೀಲ ತೋರಿಸಿದ, ಆಮೇಲೆ ಮುಖ.

"ಅಕ್ಕ ಎಲ್ಲಿ ಕೂತಿದ್ದಾರೆ?" ಎಂದು ಡಾಕ್ಟರಮ್ಮ ಕೇಳಿದರು.

ಮೋಹನ ಫೋನನ್ನು ನನ್ನತ್ತ ತಿರುಗಿಸಿದ. "ಕಾಣಿ ಡಾಕ್ಟ್ರೇ, ನಿಲ್ಸಿದ್ದೆ."

ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದೆ. ನಾಲ್ಕನೇ ಕ್ಲಾಸಿನಲ್ಲಿ ಮಾಸ್ತರರು ನಿಲ್ಲಿಸಿದ್ದು ಬಿಟ್ಟರೆ, ಇಷ್ಟು ನೆಟ್ಟಗೆ ನಾನು ಎಂದೂ ನಿಂತಿರಲಿಲ್ಲ.