ಕೆಂಪು ಚಿಟ್ಟೆಯ ಅಚ್ಚು

ಎಲ್ಲ ಶುರುವಾದದ್ದು ಮೇಲಿನ ಮನೆಯ ಡ್ರಾಯಿಂಗ್ ಮೇಡಂ ಆಡಿದ ಒಂದು ಮಾತಿನಿಂದ.

"ಬೇಸಿಗೆ ರಜೆ ಅಂತ ಮಗೂನ ಕ್ಯಾಂಪಿಗೆ ಯಾಕ್ರೀ ಕಳಿಸ್ತೀರ? ಒಂದು ಬಟ್ಟಲು ಬಣ್ಣ ಸಾಕು, ಬ್ರಷ್ಷೂ ಬೇಡ. ಸ್ಪಂಜು, ಬಾಟ್ಲಿ ಮುಚ್ಚಳ, ಬೆಂಡೆಕಾಯಿ ತೊಟ್ಟು, ಕೈಗೆ ಸಿಕ್ಕಿದ್ದೆಲ್ಲ ಅಚ್ಚೇ! ಅದ್ದು, ಒತ್ತು, ಅಷ್ಟೆ."

ಬಸ್ ಡ್ರೈವರಿಗೆ ಅವತ್ತು ರಜೆ. ನರ್ಸ್ ಹೆಂಡತಿ ಡ್ಯೂಟಿಗೆ ಹೊರಡುವಾಗ ಬಾಗಿಲಲ್ಲೇ ನಿಂತು ಹೇಳಿದ್ದಳು: "ಮಗೂಗೆ ಟೀವಿ ಹಾಕ್ಬೇಡಿ. ನಮ್ಮಪ್ಪನ ನಿದ್ದೆ ಕೆಡಿಸ್ಬೇಡಿ. ಮನೆ ಓನರಮ್ಮ ಬಂದ್ರೆ ಕೈ ಮುಗಿದು ಮಾತಾಡಿ."

ಕೊನೆಯದೇ ಮುಖ್ಯ. ಬಾಡಿಗೆ ಕರಾರು ಮುಗಿಯುತ್ತಿತ್ತು. ಮುಂದುವರಿಸೋದೋ ಬೇಡವೋ ಅಂತ ಕೆಳಗಿನ ಮನೆಯಲ್ಲೇ ಇದ್ದ ಓನರಮ್ಮ ಅವತ್ತೇ ಹೇಳುವವರಿದ್ದರು. ಹಿಂದಿನ ದಿನ ಬಂದಿಳಿದ ಮಾವ ಚೀಲ ಕೆಳಗಿಡುವ ಮೊದಲೇ ತೀರ್ಪು ಕೊಟ್ಟಿದ್ದರು: "ಈ ಮನೆಯಿಂದಲೂ ಹೊರಗೆ ಹಾಕಿಸ್ಕೊಂಡ್ರೆ ಮಗಳು ಮೊಮ್ಮಗಳನ್ನ ನಾನು ಕರ್ಕೊಂಡು ಹೋಗ್ತೀನಿ. ನೀನು ಬಸ್ಸಲ್ಲೇ ಮಲಗು."

ಡ್ರೈವರು ಪುಟ್ಟಿಯ ಮುಂದೆ ಹಳೇ ಕ್ಯಾಲೆಂಡರಿನ ಹಾಳೆಗಳನ್ನು ಹರಡಿ, ಬಟ್ಟಲಲ್ಲಿ ಕೆಂಪು ಬಣ್ಣ ಕಲಸಿಟ್ಟ. "ಕೈಗೆ ಸಿಕ್ಕಿದ್ದೆಲ್ಲ ಅಚ್ಚು, ಗೊತ್ತಾಯ್ತಾ?" ಅಂದು ಕುರ್ಚಿಗೊರಗಿದ. ಕಣ್ಣು ಮುಚ್ಚಿದ್ದು ಒಂದೇ ಸ್ಟಾಪಿನಷ್ಟು ಹೊತ್ತು ಅಂತ ಅವನ ಲೆಕ್ಕ.

"ಅಪ್ಪಾ, ಚಿಟ್ಟೆ!"

ಹಾಳೆ ತುಂಬ ಕೆಂಪು ಚಿಟ್ಟೆಗಳು. ಕುದುರೆ ಲಾಳದಂಥ ಎರಡು ಗುರುತು ಬೆನ್ನಿಗೆ ಬೆನ್ನು ಹಚ್ಚಿ ನಿಂತಿದ್ದವು, ರೆಕ್ಕೆಯ ಅಂಚಿಗೆ ಸಾಲಾಗಿ ಚುಕ್ಕಿ. ಹಾಳೆ ಸಾಲದೆ ಗೋಡೆಗೂ ಹಾರಿದ್ದವು. "ಅಬ್ಬಾ ನನ್ನ ಬಂಗಾರ! ಯಾವುದ್ರಲ್ಲಿ ಮಾಡ್ದೆ?" ಅಂದ.

ಪುಟ್ಟಿ ಕೈ ಬಿಚ್ಚಿದಳು. ಅಂಗೈಯಲ್ಲಿ ಒಂದು ಸೆಟ್ಟು ಹಲ್ಲು, ರಕ್ತ ಕುಡಿದು ಬಂದಂತೆ ನಗುತ್ತಿತ್ತು.

ಡ್ರೈವರ್ ಕಿರುಚಿದ. ಬ್ರೇಕ್ ಫೇಲಾದಾಗಲೂ ಅವನು ಹಾಗೆ ಕಿರುಚಿರಲಿಲ್ಲ.

ಮನೆಯಲ್ಲಿ ಮುದುಕರು ಅಂತ ಇದ್ದವರು ಮಾವ ಒಬ್ಬರೇ. ಅವರು ಒಳಗಿನ ಕೋಣೆಯಲ್ಲಿ ಮುಖದ ಮೇಲೆ ಪೇಪರ್ ಹೊದ್ದು ಮಲಗಿದ್ದರು. ಅಳಿಯನೆದುರು ಅವರು ಇವತ್ತಿನವರೆಗೆ ನಕ್ಕದ್ದಿಲ್ಲ. ಹಾಗಾಗಿ ಅವರ ಹಲ್ಲು ಸ್ವಂತದ್ದೋ ಕಟ್ಟಿಸಿದ್ದೋ ಅಂತ ತಿಳಿಯುವ ಭಾಗ್ಯ ಡ್ರೈವರಿಗೆ ಬಂದಿರಲಿಲ್ಲ. ಈಗ ಬಂತು ಅಂದುಕೊಂಡ.

ಕಿರುಚಾಟಕ್ಕೆ ಮೇಲಿಂದ ಮೇಡಂ, ಎದುರು ಬಾಗಿಲಿಂದ ಟೈಲರ್ ಓಡಿಬಂದರು.

"ಅಯ್ಯೋ, ಯಾರಿಗ್ರೀ ಹೊಡೆದ್ರಿ?" ಅಂದ ಟೈಲರ್.

"ಮಾವನ ಹಲ್ಲು ಕಣ್ರೀ! ಅವರು ಏಳೋದ್ರೊಳಗೆ ಬೆಳ್ಳಗಾಗ್ಬೇಕು, ಏನಾದ್ರೂ ಮಾಡಿ!"

"ಪೇಸ್ಟ್ ಹಚ್ಚಿ ಉಜ್ಜಿ," ಅಂದರು ಮೇಡಂ. "ನಿಂಬೆಹಣ್ಣು," ಅಂದ ಟೈಲರ್, "ರೇಷ್ಮೆ ಮೇಲಿನ ಕಲೆಯೇ ಹೋಗುತ್ತೆ." ಪೇಸ್ಟಾಯಿತು, ನಿಂಬೆಯಾಯಿತು, ಪಾತ್ರೆ ತಿಕ್ಕುವ ಪುಡಿಯೂ ಆಯಿತು. ಕೆಂಪು ಹೋಗಿ ಗುಲಾಬಿ ಬಂದು ಹಟ ಹಿಡಿದು ಕೂತಿತು.

ಅಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ. ಓನರಮ್ಮ!

ಅವರ ಗಂಟಲು ತಾರಸಿಗೆ ಕೇಳುವಂಥದ್ದು, ನಗು ಬೀದಿಗೆ ಕಾಣುವಂಥದ್ದು. "ಈ ವಯಸ್ಸಲ್ಲೂ ಒಂದು ಹಲ್ಲು ಅಲ್ಲಾಡಿಲ್ಲ, ನೋಡ್ಕೊಳ್ಳಿ" ಅಂತ ಬಾಡಿಗೆದಾರರಿಗೆಲ್ಲ ತೋರಿಸಿದ ನಗು ಅದು. ಇವತ್ತು ಮಾತ್ರ ಆ ಧಗೆಯಲ್ಲೂ ಮೂಗಿನವರೆಗೆ ಶಾಲು ಸುತ್ತಿದ್ದರು. ಡ್ರೈವರು ಕೈ ಮುಗಿದ. ಮುಗಿದ ಕೈ ನಡುವೆ ಹಲ್ಲಿತ್ತು.

ಓನರಮ್ಮನ ಕಣ್ಣು ಕಪ್ಪೆಯ ಕಣ್ಣಿನಂತೆ ಹೊರಬಂತು. ಬೆರಳು ಚಾಚಿ "ಹ್ಞೂಂ! ಹ್ಞೂಂ!" ಅಂದರು.

"ಗೋಡೆ ತಾನೇ ಅಮ್ಮಾ? ಸಂಜೆಯೊಳಗೆ ಒರೆಸಿಬಿಡ್ತೀನಿ. ಮನೆ ಬಿಡಿಸ್ಬೇಡಿ!"

ಅವರು ತಲೆ ಚಚ್ಚಿಕೊಂಡರು.

"ಹಲ್ಲುನೋವಿರ್ಬೇಕು ಪಾಪ," ಅಂದರು ಮೇಡಂ.

ಆಗ ಒಳಕೋಣೆಯ ಬಾಗಿಲು ತೆರೆಯಿತು. ಮಾವ ಬಂದವರು ಎಲ್ಲರ ಮಧ್ಯೆ ನಿಂತು, ಗುಹೆಯಷ್ಟು ದೊಡ್ಡದಾಗಿ ಆಕಳಿಸಿದರು. ಗುಹೆ ತುಂಬ ಹಲ್ಲು. ಹಳದಿ, ಗಟ್ಟಿ, ಸ್ವಂತದ್ದು.

ಎಲ್ಲರ ಕಣ್ಣು ಡ್ರೈವರನ ಕೈಲಿದ್ದ ಹಲ್ಲಿನ ಮೇಲೆ.

"ಹಾಗಾದ್ರೆ ಇದು ಯಾರ್ದು?" ಟೈಲರ್ ಪಿಸುಗುಟ್ಟಿದ. ಅನುಮಾನ ತನ್ನ ಮೇಲೆ ಬಂದೀತೆಂದು ತಕ್ಷಣ ಹಲ್ಲು ಕಿರಿದು ತೋರಿಸಿದ. ಮೇಡಂ ಕೂಡ ತುಟಿ ಎತ್ತಿ ಎರಡೂ ಸಾಲು ತೋರಿಸಿದರು. ಮುಚ್ಚಿಕೊಂಡಿದ್ದದ್ದು ಶಾಲಿನ ಹಿಂದಿನ ಬಾಯಿ ಒಂದೇ. ಎಲ್ಲರ ಮುಖ ನಿಧಾನವಾಗಿ ಅತ್ತ ತಿರುಗತೊಡಗಿತು.

ಡ್ರೈವರಿಗೆ ಆಗ ಹೊಳೆಯಿತು. ಕೆಳಗೆ ಓನರಮ್ಮನ ಮನೆಯ ಕಿಟಕಿ ಪುಟ್ಟಿಯ ಕೈಗೆಟಕುವಷ್ಟೇ ಎತ್ತರ, ತಾನೋ ನಿದ್ದೆಯಲ್ಲಿದ್ದ. ಕೈಗೆ ಸಿಕ್ಕಿದ್ದೆಲ್ಲ ಅಚ್ಚು! ಈ ಗುಟ್ಟು ಇವರೆಲ್ಲರ ಎದುರು ರಟ್ಟಾದರೆ ಮನೆ ಹೋದ ಹಾಗೇ. ಎದುರಿಗೆ ಲಾರಿ ಬಂದಾಗ ಸ್ಟೇರಿಂಗ್ ತಿರುಗಿಸುವಂತೆ ಬಾಯಿ ತಿರುಗಿಸಿಬಿಟ್ಟ.

"ನಂದು!"

"ನಿನ್ನ ಹಲ್ಲು ನಿನ್ನ ಬಾಯಲ್ಲೇ ಇದೆಯಲ್ಲೋ," ಅಂದರು ಮಾವ.

"ಅದೂ ಕಟ್ಟಿಸಿದ್ದೇ ಮಾವಾ. ಇದು ಸ್ಟೆಪ್ನಿ. ಡ್ರೈವರ್ ನೋಡಿ, ಎಲ್ಲದಕ್ಕೂ ಒಂದು ಸ್ಟೆಪ್ನಿ ಇಟ್ಕೊಂಡಿರ್ತೀನಿ."

ಮೇಡಂ ಗೋಡೆ ಹಿಡಿದುಕೊಂಡರು. "ಇಷ್ಟು ಚಿಕ್ಕ ವಯಸ್ಸಿಗೆ!" ಅಂದು ಟೈಲರ್ ಅವನ ಮುಂದಿನ ಹಲ್ಲನ್ನು ಮುಟ್ಟಿಯೇ ನೋಡಿದ. "ಒಳ್ಳೇ ಕೆಲಸ. ಹೊಲಿಗೆ ಕಾಣೋದೇ ಇಲ್ಲ."

ಓನರಮ್ಮ ಶಾಲಿನ ಮೇಲಿಂದ ಡ್ರೈವರನ್ನು ದಿಟ್ಟಿಸಿದರು. ಆಮೇಲೆ ಡ್ರೈವರು ಮೊದಲೇ ಬರೆಸಿ ಟೀಪಾಯಿಯ ಮೇಲಿಟ್ಟಿದ್ದ ಹೊಸ ಕರಾರಿಗೆ ನಿಂತಲ್ಲೇ ಸಹಿ ಹಾಕಿ, ಹಲ್ಲಿನ ಕಡೆಗೊಮ್ಮೆ, ಕೆಳಗಿನ ತಮ್ಮ ಕಿಟಕಿಯ ಕಡೆಗೊಮ್ಮೆ ಕಣ್ಣು ಮಾಡಿದರು. ಡ್ರೈವರು ತಲೆಯಾಡಿಸಿದ. ಹೋದ ಜೀವ ಬಂತು.

ಬಂದ ಜೀವ ನಿಲ್ಲಲಿಲ್ಲ. ಮಾವ ಮಗಳಿಗೆ ಫೋನು ಹಚ್ಚಿದ್ದರು.

"ನೋಡಮ್ಮಾ, ನಿನ್ನ ಗಂಡನ ಬಾಯಲ್ಲಿ ಒಂದು ಹಲ್ಲೂ ಅವನದ್ದಲ್ಲ! ಮದುವೆಗೆ ಮುಂಚೆ ಒಂದು ಮಾತು ಹೇಳ್ಲಿಲ್ಲ. ಹಲ್ಲನ್ನೇ ಮುಚ್ಚಿಟ್ಟೋನು ಇನ್ನೇನೇನು ಮುಚ್ಚಿಟ್ಟಿದಾನೋ! ನೀನು ಆಸ್ಪತ್ರೆಯಿಂದ ನೆಟ್ಟಗೆ ಬಸ್ ಸ್ಟ್ಯಾಂಡಿಗೆ ಬಾ. ನಾನು ಮಗೂನ ಕರ್ಕೊಂಡು ಹೊರಟೆ."

"ಮಾವಾ, ಒಂದು ನಿಮಿಷ, ಅದು..." ಅಂದ ಡ್ರೈವರ್. ಶಾಲಿನ ಮೇಲಿನ ಕಣ್ಣು ಉರಿಯಿತು. ಬಾಯಿ ಮುಚ್ಚಿಕೊಂಡ.

ಮನೆ ಉಳಿಯಿತು. ಮನೆಯವರು ಹೊರಟರು.

ಅಜ್ಜನ ಕೈ ಹಿಡಿದು ಬಾಗಿಲು ದಾಟಿದ ಪುಟ್ಟಿ, ಏನೋ ನೆನಪಾಗಿ ಓಡಿಬಂದು, ಅಪ್ಪನ ಕೈಯಿಂದ ಆ ಗುಲಾಬಿ ಹಲ್ಲನ್ನು ಕಿತ್ತು ತನ್ನ ಚೀಲಕ್ಕೆ ಹಾಕಿಕೊಂಡಳು.

"ಅಪ್ಪಾ, ನಿಂದೇ ಅಂದ್ಮೇಲೆ ಇದನ್ನ ನಾನು ತಗೊಂಡು ಹೋಗ್ತೀನಿ. ಅಜ್ಜನ ಮನೆ ಗೋಡೆ ಇದಕ್ಕಿಂತ ದೊಡ್ಡದು."