ಗೋಡೆಗೆ ಅಂಟಿಸಿದ ಗುಟ್ಟು

ಗಡಿಯಾರ ರಿಪೇರಿಯವನ ಗೋಳೆಲ್ಲ ಶುರುವಾದದ್ದು ಅಂಗಡಿ ಗೋಡೆಯ ಮೇಲಿದ್ದ ಆ ಕ್ಯೂಆರ್ ಚೀಟಿಯಿಂದ. ದೂರದೇಶದ ಗಿರಾಕಿಗಳು ಹಳೆಯ ಗಡಿಯಾರ ಕಳಿಸಿ ಕೂಲಿಯನ್ನು ಬಿಟ್‌ಕಾಯಿನ್‌ನಲ್ಲಿ ಕೊಡುತ್ತಿದ್ದರು. ದುಡ್ಡು ಬಂದು ಬೀಳುವ ವಿಳಾಸವನ್ನು ಪ್ರತಿ ಸಲವೂ ಹೊಸದಾಗಿ ಮಾಡಿಕೊಳ್ಳಿ ಎಂದು ಮೊಬೈಲ್ ಬುದ್ಧಿ ಹೇಳಿತ್ತು. "ಮನೆ ನಂಬರನ್ನ ದಿನಾ ಯಾರಾದ್ರೂ ಬದಲಾಯಿಸ್ತಾರಾ?" ಎಂದು ಇವನು ಒಂದೇ ವಿಳಾಸವನ್ನು ಆ ಚೀಟಿಯಲ್ಲಿ ಅಚ್ಚು ಹಾಕಿಸಿ, ಕೆಳಗೆ ತನ್ನ ಹೆಸರನ್ನೂ ಬರೆದು ಅಂಟಿಸಿದ್ದ.

ಆ ಬೆಳಿಗ್ಗೆ ಪಕ್ಕದ ಸಲೂನಿನವನು ಬಾಚಣಿಗೆ ಹಿಡಿದುಕೊಂಡೇ ಓಡಿಬಂದ. ಅವನ ದಟ್ಟ ಕರಿಗೂದಲೇ ಸಲೂನಿಗೆ ಜಾಹೀರಾತು.

"ಏನ್ ಸ್ವಾಮಿ, ನಿನ್ನೆ ಅರ್ಧ ದುಡ್ಡು ಖಾಲಿ ಮಾಡಿದ್ದೀರಿ?"

"ನಿನಗೆ ಯಾರು ಹೇಳಿದ್ರು?"

"ನಿಮ್ಮ ಗೋಡೆ! ಆ ವಿಳಾಸ ಹಾಕಿ ಹುಡುಕಿದ್ರೆ ಬಂದಿದ್ದು, ಹೋಗಿದ್ದು, ಉಳಿದಿದ್ದು ಎಲ್ಲಾ ಲೋಕಕ್ಕೇ ಕಾಣುತ್ತೆ. ಯಾರಿಗೆ ಹೋಯ್ತು ಅನ್ನೋದು ಮಾತ್ರ ಗೊತ್ತಾಗ್ತಿಲ್ಲ. ಅದು ಹೊಚ್ಚ ಹೊಸ ವಿಳಾಸ."

ರಿಪೇರಿಯವನು ಟೋಪಿಯನ್ನು ಇನ್ನಷ್ಟು ಕೆಳಗೆಳೆದುಕೊಂಡ. ಇಪ್ಪತ್ತು ವರ್ಷದಿಂದ ಟೋಪಿಯಡಿ ಬಚ್ಚಿಟ್ಟ ಬೋಳುತಲೆಗೆ ಅವನು ನಿನ್ನೆಯಷ್ಟೇ ನೆಟ್‌ನಲ್ಲಿ ದುಡ್ಡು ಕಟ್ಟಿ ಒಂದು ವಿಗ್ ಮಾಡಲು ಹೇಳಿದ್ದ. ಹೆಂಡತಿಗೆ ಗೊತ್ತಾದರೆ ಕಥೆ ಮುಗಿಯಿತು. ಭಾವಮೈದುನ ಕೂದಲಿಗೆ ಬಣ್ಣ ಹಚ್ಚಿದನೆಂದು ವರ್ಷವಿಡೀ ಆಡಿಕೊಂಡಿದ್ದ ಬಾಯಿ ಅವನದೇ ತಾನೇ!

ಅಷ್ಟರಲ್ಲಿ ಎದುರಂಗಡಿಯ ಟೈಲರಮ್ಮ ಕತ್ತರಿ ಸಮೇತ ಬಂದಳು. "ಜೂಜಾಡಿರಬೇಕು."

"ಅಲ್ಲಮ್ಮ, ಬೇರೆ ಯಾವಳೋ ಇದ್ದಾಳೆ" ಎಂದ ಸಲೂನಿನವನು.

ರಿಪೇರಿಯವನು ಚೀಟಿಯನ್ನು ಪರಪರನೆ ಕಿತ್ತ. ಆದರೆ ಟೈಲರಮ್ಮ ಆಗಲೇ ಅದರ ಫೋಟೋ ತೆಗೆದಿಟ್ಟುಕೊಂಡಿದ್ದಳು. ಗಾಬರಿಯಲ್ಲಿ ಅವನು ತನಗೇ ಒಂದು ಹೊಸ ವಿಳಾಸ ಮಾಡಿ ಉಳಿದ ದುಡ್ಡನ್ನು ಅಲ್ಲಿಗೆ ಸಾಗಿಸಿದ. ಎರಡೇ ನಿಮಿಷ, ಸಲೂನಿನವನು ಮೊಬೈಲ್ ನೋಡಿ ಕೂಗಿದ: "ಉಳಿದಿದ್ದೂ ಹೊರಟುಹೋಯ್ತು! ಪೂರ್ತಿ ಅವಳಿಗೇ ಬರೆದುಕೊಟ್ರು!"

"ಅಯ್ಯೋ ಪಾಪ, ಇವರ ಹೆಂಡತಿಗೆ ಹೇಳೋದು ನಮ್ಮ ಧರ್ಮ" ಎಂದು ಟೈಲರಮ್ಮ ಹೊರಟೇಬಿಟ್ಟಳು. ಸಲೂನಿನವನು ಹಿಂದೆ. ಇವನು ಶಟರ್ ಎಳೆದು, ಬೀಗ ಹಾಕಿ, ಏದುಸಿರು ಬಿಡುತ್ತ ಮನೆ ಮುಟ್ಟುವ ಹೊತ್ತಿಗೆ ಕಥೆಗೆ ಕೈಕಾಲು ಮೂಡಿ, ಆ 'ಅವಳಿಗೆ' ಮನೆಯೊಂದು ಎದ್ದಿತ್ತು.

ಹೆಂಡತಿ ತರಕಾರಿ ಹೆಚ್ಚುತ್ತಲೇ ಎಲ್ಲ ಕೇಳಿಸಿಕೊಂಡು ತಲೆಯೆತ್ತಿದಳು. "ಯಾರ್ರೀ ಅವಳು?"

"ಅವಳೂ ಇಲ್ಲ, ಇವಳೂ ಇಲ್ಲ! ವಿಗ್ ಕಣೇ, ವಿಗ್!" ಎಂದು ಅವನು ಟೋಪಿ ಕಿತ್ತೆಸೆದ.

ಬಂದವರಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಹೆಂಡತಿ ನಗಲಿಲ್ಲ. ಒಳಗೆ ಹೋಗಿ ಒಂದು ಮರದ ತಲೆ ತಂದು ಮೇಜಿನ ಮೇಲಿಟ್ಟಳು. ಅದರ ನೆತ್ತಿಯಲ್ಲಿ ಈಗಷ್ಟೇ ಹೆಣೆಯಲು ಶುರುಮಾಡಿದ ನಾಲ್ಕು ಸಾಲು ಕೂದಲಿತ್ತು.

"ಮಧ್ಯಾಹ್ನ ಮಧ್ಯಾಹ್ನ ಅಕ್ಕನ ಮನೇಲಿ ಏನ್ ಮಾಡ್ತೀನಿ ಅಂದ್ಕೊಂಡ್ರಿ? ನಾಲ್ಕು ವರ್ಷದಿಂದ ಇದೇ ಕೆಲಸ. ಹಿತ್ತಲ ಗಿಡ ಮದ್ದಲ್ಲ ಅಂತ ನೀವು ನೆಟ್‌ನಲ್ಲಿ ಹುಡುಕಿದ್ರಿ, ಅಲ್ಲೂ ನಾನೇ ಸಿಕ್ಕಿದೆ."

"ವಿಗ್ ಹೇಳಿದ್ದು ನಾನೇ ಅಂತ ನಿನಗೆ ಗೊತ್ತಿತ್ತಾ?"

"ದುಡ್ಡು ಬಂದಿದ್ದು ನಮ್ಮ ಗೋಡೆ ಮೇಲಿನ ವಿಳಾಸದಿಂದ. ಸಾಲದ್ದಕ್ಕೆ, ನಿಮ್ಮ ತಲೆ ಅಳತೆ ನನಗೆ ಗೊತ್ತಿಲ್ವಾ?"

ಟೈಲರಮ್ಮನ ಕಣ್ಣರಳಿತು. "ಒಟ್ಟು ಎಷ್ಟು ದುಡಿದಿದ್ದೀಯೇ?"

"ಒಬ್ಬೊಬ್ಬ ಗಿರಾಕಿಗೆ ಒಂದೊಂದು ಹೊಸ ವಿಳಾಸ. ಒಂದನ್ನ ಇನ್ನೊಂದಕ್ಕೆ ಬೆರೆಸಲ್ಲ, ಗೋಡೆಗಂತೂ ಅಂಟಿಸಲ್ಲ. ನನ್ನ ಗಂಟೂ ಗೊತ್ತಾಗಲ್ಲ, ಗಿರಾಕಿಗಳ ಗುಟ್ಟೂ ಹೊರಗೆ ಹೋಗಲ್ಲ. ಈ ಬೀದಿಯಲ್ಲೇ ಒಬ್ಬರಿದ್ದಾರೆ, ಯಾರಂತ ಹೇಳ್ತೀನಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸಲೂನಿನವನ ಕೈ ತಾನಾಗಿ ತನ್ನ ದಟ್ಟ ಕರಿಗೂದಲಿನ ಮೇಲೆ ಹೋಯಿತು. ಗಿರಾಕಿ ಕಾಯ್ತಿದ್ದಾರೆ ಎಂದು ಗೊಣಗುತ್ತ ಅವನು ಬೀದಿಗಿಳಿದ. ಈ ಸುದ್ದಿಯನ್ನು ಹಂಚಲು ಟೈಲರಮ್ಮ ಅವನಿಗಿಂತ ಮುಂದೆ ಓಡಿದಳು.

ರಿಪೇರಿಯವನಿಗೂ ನಗು ತಡೆಯಲಾಗಲಿಲ್ಲ. ನಕ್ಕು ಸುಸ್ತಾಗಿ ಟೋಪಿ ಎತ್ತಿಕೊಂಡ. "ಬೀದಿಗೆಲ್ಲ ಗೊತ್ತಾದ ಮೇಲೆ ವಿಗ್ ಹಾಕಿ ಏನು ಬಂತು? ಆ ದುಡ್ಡು ವಾಪಸ್ ಕೊಟ್ಟುಬಿಡೇ."

"ಒಮ್ಮೆ ಕಳಿಸಿದ್ದು ವಾಪಸ್ ಬರಲ್ಲರೀ" ಎಂದು ಹೆಂಡತಿ ಮತ್ತೆ ತರಕಾರಿಗೆ ಕೈಹಾಕಿದಳು. "ಜೊತೆಗೆ ಈ ಮೇಜಿನ ಮೇಲಿರೋದು ಬೇರೆಯವರದ್ದು, ನಿಮ್ಮ ಮುಂದೆ ಇನ್ನೂ ಆರು ಗಿರಾಕಿಗಳಿದ್ದಾರೆ. ಮೂರು ತಿಂಗಳು ಕಾಯಿರಿ."