ಹೊಣೆ ನನ್ನ ತಲೆ ಮೇಲೆ

ಅಯಿಟೆ ಕ್ವಾಟೆಗೆ ‘ಗೊತ್ತಿಲ್ಲ’ ಎಂಬ ಒಂದು ಮಾತು ಬಿಟ್ಟರೆ ಮಿಕ್ಕೆಲ್ಲ ಗೊತ್ತಿತ್ತು. ಅವನು ಪರದೇಶದ ನೆರವಿನ ಯೋಜನೆಯೊಂದರಲ್ಲಿ ಸ್ಥಳೀಯ ಆಡಳಿತದ ಹಣಕಾಸು ತಜ್ಞ. ಅಂದರೆ, ಜಿಲ್ಲಾ ಸಭೆಗಳು ಸರ್ಕಾರದ ಮುಂದೆ ಕೈಚಾಚದೆ ಊರಿನ ಸುಂಕದಲ್ಲೇ ಬದುಕುವುದು ಹೇಗೆಂದು ಹೇಳಿಕೊಡುವವನು. ಅಬೆಕ್ರೋಮಿ ಎಂಬ ಊರಿಗೆ ಬಂದು ಹತ್ತು ತಿಂಗಳಾದರೂ ಅಲ್ಲಿನ ಸಂತೆಯ ಸುಂಕ ಒಬ್ಬ ವ್ಯಾಪಾರಿಗೆ ದಿನಕ್ಕೆ ಒಂದು ಸೀಡಿ ನಾಣ್ಯದಿಂದ ಮೇಲೆದ್ದಿರಲಿಲ್ಲ. ಇವತ್ತು ನಾಲ್ಕು ಗಂಟೆಗೆ ರಾಜಧಾನಿ ಅಕ್ರಾದಿಂದ ಮೇಲಧಿಕಾರಿ ಬಿರ್ಗಿಟ್ ಮೇಡಂ ಬರುವವರಿದ್ದರು. ಅಷ್ಟರೊಳಗೆ ಊರು ಎರಡು ಸೀಡಿಗೆ ಒಪ್ಪಿದರೆ ಇನ್ನೆರಡು ವರ್ಷ ನೌಕರಿ. ಇಲ್ಲದಿದ್ದರೆ ಅತ್ತೆಯ ಕೆಂಕೆ ಅಂಗಡಿಯಲ್ಲಿ ಹಿಟ್ಟಿನುಂಡೆಗೆ ಮೆಕ್ಕೆಜೋಳದ ಸಿಪ್ಪೆ ಸುತ್ತುವ ಕೆಲಸ. ಅತ್ತೆ ಆಗಲೇ ಅಳಿಯನಿಗೊಂದು ಏಪ್ರನ್ ಹೊಲಿಸಿಟ್ಟಿದ್ದಳು.

ಜಿಲ್ಲಾ ಸಭೆಯ ಬಜೆಟ್ ಅಧಿಕಾರಿ ಆಂಟಿ ಸೆರ್ವಾ ಬೆಳಿಗ್ಗೆಯೇ ಕಚೇರಿ ಬಾಗಿಲಿಗೆ ಅಡ್ಡ ನಿಂತಳು.

“ತಮ್ಮಾ, ಸುಂಕದ ಮಾತಿಗೆ ಅರಮನೆಗೆ ನಾನೂ ಬರ್ತೀನಿ. ನೀನು ಅಕ್ರಾದ ಹುಡುಗ, ನಿಮ್ಮ ಮನೆ ಮಾತು ಗಾ ಭಾಷೆ. ನಮ್ಮದು ತ್ವಿ ಭಾಷೆ. ಅದರಲ್ಲೂ ಸಂತೆ ತ್ವಿ ಬೇರೆ, ಅರಮನೆ ತ್ವಿ ಬೇರೆ. ಅದು ನನಗೇ ಅರ್ಧ ಅರ್ಥ ಆಗಲ್ಲ.”

“ಆರು ಜಿಲ್ಲೆ ನೋಡಿದೀನಿ ಆಂಟಿ. ಅರಸರಿಗೆ ಕಾಣಿಕೆ ಬಾಟ್ಲಿ ಕೊಡೋದು ಹೇಗೆ ಅಂತ ನನಗೆ ಗೊತ್ತು.”

“ಕೊಡು. ಅರ್ಥ ಆಗದಿದ್ರೆ ತಲೆ ಮಾತ್ರ ಆಡಿಸ್ಬೇಡ.”

ಅಯಿಟೆ ತಲೆಯಾಡಿಸಿ ಹೊರಟ.

ಹೊರಗೆ ಮರಕ್ಕೆ ಒರಗಿಸಿದ್ದ ಹೊಸ ಫಲಕ ಕಂಡು ಅವನ ಎದೆ ಉಬ್ಬಿತು. ‘ಬಾಕಿದಾರರು’ ಎಂಬ ದೊಡ್ಡ ತಲೆಬರಹ, ಕೆಳಗೆ ಖಾಲಿ ಜಾಗ. ಸಂಜೆ ಐದರೊಳಗೆ ಸುಂಕ ಕಟ್ಟದವರ ಹೆಸರು ಅದೇ ದಿನ ಅದರ ಮೇಲೆ ಕೆಂಪು ಅಕ್ಷರದಲ್ಲಿ ಏರಬೇಕು. ಅವನೇ ಬರೆದ ನಿಯಮ.

“ಸಾರ್, ಯಾರ ಹೆಸರಾದ್ರೂ ಬರೀಬಹುದಾ? ದೊಡ್ಡೋರದ್ದೂ?” ಎಂದ ಬೋರ್ಡು ಬರೆಯುವ ಅಡೊಂಟೆಂಗ್.

“ನಮ್ಮಪ್ಪನದ್ದಾದ್ರೂ ಬರಿ. ಮುಲಾಜು ಬೇಡ.”

ಅರಮನೆಯಲ್ಲಿ ಊರವರು ‘ನಾನಾ’ ಎಂದು ಕರೆಯುವ ಅರಸರು ಛತ್ರಿಯ ಕೆಳಗೆ ಕೂತಿದ್ದರು. ಒಂದು ಪಕ್ಕದಲ್ಲಿ ಸಂತೆಯ ರಾಣಿಯರು, ಅಂದರೆ ಒಂದೊಂದು ಸರಕಿನ ವ್ಯಾಪಾರಿ ಹೆಂಗಸರ ಮುಖಂಡರು: ಟೊಮೆಟೊ ರಾಣಿ, ಗೆಣಸಿನ ರಾಣಿ, ಒಣಮೀನಿನ ರಾಣಿ. ನಡುವೆ ಚಿನ್ನದ ಹಿಡಿಯ ಕೋಲು ಹಿಡಿದು ಒಚ್ಯಾಮೆ, ಅಂದರೆ ಅರಸರ ವಕ್ತಾರ, ಬೆಡಿಯಾಕೊ. ಅರಸರ ಜತೆ ಯಾರೂ ನೇರ ಮಾತಾಡುವಂತಿಲ್ಲ. ಒಚ್ಯಾಮೆಯ ಕಿವಿಗೆ ಹೇಳಬೇಕು, ಅವರು ಅದಕ್ಕೆ ಒಡವೆ ತೊಡಿಸಿ ಸಭೆಯ ಮುಂದಿಡುತ್ತಾರೆ. ಬೆಡಿಯಾಕೊ ನಿವೃತ್ತ ಇಂಗ್ಲಿಷ್ ಮೇಷ್ಟ್ರು ಬೇರೆ.

“ಇಂಗ್ಲಿಷಲ್ಲೇ ಹೇಳಪ್ಪ, ನಾನು ನೋಡ್ಕೋತೀನಿ,” ಎಂದರು.

“ಯಾಕೆ ಮೇಷ್ಟ್ರೇ, ನನಗೆ ತ್ವಿ ಬರಲ್ವಾ?” ಎಂದ ಅಯಿಟೆ.

ಬಲಗೈಯಲ್ಲೇ ಸಾರಾಯಿ ಬಾಟಲಿ ಕೊಟ್ಟ. ಸಂತೆಗೆ ಶೌಚಾಲಯ ಬೇಕು, ಅದಕ್ಕೆ ಸುಂಕ ಎರಡು ಸೀಡಿಯಾಗಬೇಕು ಎಂದು ತನ್ನ ತ್ವಿಯಲ್ಲೇ ಹೇಳಿದ. ‘ಎರಡು’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ರಾಣಿಯರ ಮುಖ ಮೂರೂ ಒಟ್ಟಿಗೆ ಗಂಟಾದವು. ಟೊಮೆಟೊ ರಾಣಿ ಮಾಮೆ ಪೊಕುವಾ ಸೆರಗು ಕೊಡವಿ ಎದ್ದೇಬಿಟ್ಟಳು.

“ಈ ಅಕ್ರಾದ ಕೆಂಕೆ ತಿನ್ನೋನು ಹೇಳ್ದ ಅಂತ ನಾವು ಕೊಡ್ಬೇಕಾ? ಬಿಸಿಲಲ್ಲಿ ಬುಟ್ಟಿ ಹೊರೋದು ಇವನ ತಲೆನಾ, ನಮ್ಮ ತಲೆನಾ?”

ಅಯಿಟೆಗೆ ಅತ್ತೆಯ ಏಪ್ರನ್ ಕಣ್ಮುಂದೆ ಬಂತು. ಎದೆ ತಟ್ಟಿಕೊಂಡು, “ಮೇಷ್ಟ್ರೇ, ಇವರಿಗೆ ಹೇಳಿ. ಇದರ ಹೊಣೆಯೆಲ್ಲ ನನ್ನ ತಲೆ ಮೇಲೆ!” ಎಂದ.

ಒಚ್ಯಾಮೆಯ ಕಣ್ಣು ಅರಳಿತು. ಎಷ್ಟೋ ವರ್ಷದಿಂದ ಅವರಿಗೆ ಇಂಥ ಸರಕು ಸಿಕ್ಕಿರಲಿಲ್ಲ. ಕೋಲನ್ನು ಇನ್ನೊಂದು ಕೈಗೆ ಬದಲಿಸಿ ಅರಮನೆ ತ್ವಿಯಲ್ಲಿ ಹತ್ತು ನಿಮಿಷ ಮಾತಾಡಿದರು. ಅಯಿಟೆಗೆ ‘ತಲೆ’, ‘ತಾಯಂದಿರು’ ಎಂಬೆರಡು ಪದ ಸಿಕ್ಕಿದವು. ಸಭೆಯೆಲ್ಲ ಹೋ ಎಂದಿತು. ನಾನಾ ಮುಂದೆ ಬಾಗಿ ಉದ್ದದ್ದೊಂದು ಪ್ರಶ್ನೆ ಕೇಳಿದರು. ಒಚ್ಯಾಮೆ ಅದನ್ನು ಇನ್ನೂ ಉದ್ದ ಮಾಡಿ ಅಯಿಟೆಗೆ ಒಪ್ಪಿಸಿದರು. ಅಯಿಟೆ ತಲೆಯಾಡಿಸಿದ. ಮೂರು ಸಲ ಕೇಳಿದರು, ಮೂರು ಸಲವೂ ಆಡಿಸಿದ. ಮಾಮೆ ಪೊಕುವಾ ಓಡಿಬಂದು ಅವನ ಹೆಗಲಿಗೆ ಬಿಳಿ ಪುಡಿ ಸುರಿದು ತಬ್ಬಿಕೊಂಡಳು. ಅವನು ಅಲ್ಲೇ ಮೊಬೈಲ್ ತೆಗೆದು ಬಿರ್ಗಿಟ್ ಮೇಡಂಗೆ ‘ಗೆದ್ದೆ’ ಎಂದು ಕಳಿಸಿದ.

ಆಮೇಲೆ ಸಂತೆಯಲ್ಲಿ ಅವನು ನಡೆದದ್ದೇ ನಡೆದದ್ದು. ಕೈಗೆ ಬಾಳೆಗೊನೆ ಬಂತು, ಸಾರಿಗೆಂದು ಬುಟ್ಟಿ ತುಂಬ ದಪ್ಪ ಬಸವನಹುಳು ಬಂತು. ದರ್ಜಿಯೊಬ್ಬ ಭುಜದ ಅಳತೆ ತೆಗೆದ. ಚಮ್ಮಾರ ಅವನ ಪಾದವನ್ನು ರಟ್ಟಿನ ಮೇಲಿಡಿಸಿ ಗೀಟು ಎಳೆದುಕೊಂಡ. ಸುಂಕ ಏರಿಸಿದವನಿಗೆ ಇಷ್ಟು ಮರ್ಯಾದೆ ಆರು ಜಿಲ್ಲೆಯಲ್ಲಿ ಎಲ್ಲೂ ಸಿಕ್ಕಿರಲಿಲ್ಲ.

“ಶೌಚಾಲಯಕ್ಕೆ ನಾಲ್ಕು ಕೋಣೆ ಸಾಕಾ, ಆರು ಬೇಕಾ?” ಎಂದ ಮೇಸ್ತ್ರಿ.

“ಎಂಟು ಕಟ್ಟಿ! ಏನಕ್ಕೂ ಕಮ್ಮಿ ಆಗ್ಬಾರ್ದು,” ಎಂದ ಅಯಿಟೆ.

ಮೂರೂವರೆಗೆ ಕಚೇರಿಗೆ ಬಂದರೆ ಬಾಗಿಲಿಗೆ ಯಾರೋ ಕಾಣಿಕೆಯ ಕುರಿ ಕಟ್ಟಿದ್ದರು. ಅದರ ಪಕ್ಕದಲ್ಲಿ ಆಂಟಿ ಸೆರ್ವಾ ತಲೆಯ ಮೇಲೆ ಕೈಹೊತ್ತು ಕೂತಿದ್ದಳು.

“ಒಪ್ಪಿದರು ಆಂಟಿ! ಎರಡು ಸೀಡಿ!”

“ಒಪ್ಪಿದ್ದು ಅವರಲ್ಲ ಕಣೋ, ನೀನು. ‘ತಾಯಂದಿರೇ, ನಿಮ್ಮ ತಲೆ ಹೊರೆ ಇಳಿಸಿ, ಹೆಚ್ಚಿನ ಸೀಡಿ ನಾನು ಹೊರ್ತೀನಿ ಅಂತಾನೆ ಈ ಮಗ’ ಅಂದ್ರಂತೆ ಮೇಷ್ಟ್ರು. ನಮ್ಮೂರ ಏಳಿಗೆಗೆ ಅರಸನಾಗ್ತೀಯಾ ಅಂತ ನಾನಾ ಮೂರು ಸಲ ಕೇಳಿದ್ರಂತೆ. ನೀನು ಮೂರು ಸಲಾನೂ ಗೋಣು ಹಾಕಿದೀಯ.”

“ಯಾ... ಯಾವ ಅರಸ?”

“ಏಳಿಗೆಯ ಅರಸ. ದುಡ್ಡಿರೋ ಹೊರಗಿನೋರನ್ನ ಮಾಡ್ತಾರೆ. ಇನ್ನೂರ ಹತ್ತು ಹೆಂಗಸರ ಹೆಚ್ಚಿನ ಸುಂಕ ದಿನಾ ನಿಂದು, ಶೌಚಾಲಯಾನೂ ನಿಂದು. ಎಂಟು ಕೋಣೆ ಅಂದ್ಯಂತೆ?”

ಅಯಿಟೆ ಕುರಿಯ ಪಕ್ಕದಲ್ಲೇ ಕುಸಿದು ಕೂತ. ಸಂಬಳದಲ್ಲಿ ಅದನ್ನೆಲ್ಲ ಕಳೆದರೆ ಉಳಿಯುವುದು ಬಸವನಹುಳು ಮಾತ್ರ. “ಆಗಲ್ಲ ಅಂದ್ಬಿಡ್ತೀನಿ.”

“ಅರಸನಿಗೆ ಹಾಕೋ ಬಿಳಿ ಪುಡಿ ಹಾಕಿಸ್ಕೊಂಡ ಮೇಲಾ? ಸಂತೆ ರಾಣೀರು ನಿನಗೆ ಒಂದು ಟೊಮೆಟೊ ಮಾರಲ್ಲ, ಎಸೀತಾರೆ.”

ಈಗ ಉಳಿದದ್ದು ಬಿರ್ಗಿಟ್ ಮೇಡಂ ಒಬ್ಬರೇ. ನಡೆದದ್ದೆಲ್ಲ ಅವರಿಗೆ ಹೇಳಿ ಇವತ್ತೇ ಅವರ ಕಾರಿನಲ್ಲಿ ಅಕ್ರಾಕ್ಕೆ ಹೋಗುವುದು. ಕೆಂಕೆ ಸುತ್ತುವುದೂ ಮರ್ಯಾದೆಯ ಕೆಲಸವೇ ಎಂದು ಅವನಿಗೆ ಅನ್ನಿಸತೊಡಗಿತು.

ನಾಲ್ಕಕ್ಕೆ ಕಾರು ಬಂತು. ಅದರ ಹಿಂದೆ ಇಡೀ ಸಂತೆಯೇ ಕರವಸ್ತ್ರ ಬೀಸುತ್ತ ಬಂತು. ಅಯಿಟೆ, “ಮೇಡಂ, ಒಂದು ನಿಮಿಷ—” ಎನ್ನುತ್ತಿದ್ದಂತೆ ಎದುರಿಗೆ ಚಿನ್ನದ ಹಿಡಿಯ ಕೋಲು ಅಡ್ಡ ಬಂತು.

“ಏನಪ್ಪಾ ಇದು? ಅರಸರಾದೋರು ಎಲ್ಲರೆದುರು ಬಾಯಿ ಬಿಡೋದುಂಟಾ?” ಒಚ್ಯಾಮೆ ಪಿಸುಗುಟ್ಟಿದರು. “ನನ್ನ ಕಿವಿಗೆ ಹೇಳಿ. ಇನ್ಮೇಲೆ ತಮ್ಮ ಬಾಯಿ ನಾನೇ.”

“ಇದು ನನ್ನ ಸಾಧನೆ ಅಲ್ಲ, ಏನೋ ತಪ್ಪಾಗಿದೆ ಅನ್ನಿ! ನನ್ನ ಕರ್ಕೊಂಡು ಹೋಗಿ ಅನ್ನಿ!”

ಒಚ್ಯಾಮೆ ಮೇಡಂ ಕಡೆ ತಿರುಗಿ ಒಳ್ಳೇ ಮೇಷ್ಟ್ರ ಇಂಗ್ಲಿಷಿನಲ್ಲಿ ಹೇಳಿದರು: “ಈ ಗೆಲುವು ಇವರದ್ದಲ್ಲವಂತೆ. ಇವರಿಂದ ತಪ್ಪೇನಾದರೂ ಆಗಿದ್ದರೆ ಊರು ಕ್ಷಮಿಸಬೇಕಂತೆ. ತಾವು ಎಲ್ಲಿಗೆ ಕರೆದರೂ ಬರುತ್ತಾರಂತೆ, ಆದರೆ ಅವರ ಮನಸ್ಸೆಲ್ಲ ಇಲ್ಲೇ ಇದೆ.”

“ಎಂಥ ವಿನಯ!” ಮೇಡಂ ಕಣ್ಣೊರೆಸಿಕೊಂಡರು. “ಇಲ್ಲಿಂದ ಇವರನ್ನ ಕದಲಿಸೋದು ಪಾಪ.” ಎರಡು ವರ್ಷದ ನೌಕರಿಯ ಆದೇಶವನ್ನು ಅಯಿಟೆಯ ಕೈಗಿತ್ತು, ಕತ್ತಲಾಗುವ ಮುಂಚೆ ಘಾಟಿ ಇಳಿಯಬೇಕೆಂದು ಕಾರು ಹತ್ತಿಯೇಬಿಟ್ಟರು.

ಧೂಳು ಇಳಿಯುವಷ್ಟರಲ್ಲಿ ಐದು ಗಂಟೆಯಾಯಿತು. ಅಡೊಂಟೆಂಗ್ ಕೆಂಪು ಬಣ್ಣದ ಡಬ್ಬಿ ಹಿಡಿದು ಬಂದು ತಲೆಬಾಗಿಸಿ ನಿಂತ.

“ಒಡೆಯಾ, ಇನ್ನೂರ ಹತ್ತು ಜನಾನೂ ತಮ್ಮ ತಮ್ಮ ಒಂದು ಸೀಡಿ ಕಟ್ಟಿದಾರೆ. ಇವತ್ತಿನ ಬಾಕಿ ಒಬ್ಬರದ್ದೇ. ತಾವೇ ಮುಲಾಜು ಬೇಡ ಅಂದಿದ್ರಿ. ಕ್ವಾಟೆ ಅಂತ ಬರೆಯೋದು ಕ್ಯೂ ಅಕ್ಷರದಿಂದಲಾ, ಕೆ ಅಕ್ಷರದಿಂದಲಾ?”

ಅಯಿಟೆ ಆ ಖಾಲಿ ಫಲಕವನ್ನೇ ನೋಡಿದ. ಹುಟ್ಟಿದಾಗಿನಿಂದ ಮೊದಲ ಸಲ ಅವನ ಬಾಯಿಂದ ಆ ಮಾತು ಬಂತು.

“ಗೊತ್ತಿಲ್ಲ.”

ಒಚ್ಯಾಮೆ ಕೋಲೆತ್ತಿದರು.

“ಕ್ಯೂನಿಂದಲೇ ಬರೀಬೇಕಂತೆ. ದೂರಕ್ಕೂ ಕಾಣೋ ಹಾಗೆ ದೊಡ್ಡದಾಗಿ ಬರೀಬೇಕು ಅಂತ ಒಡೆಯರ ಅಪ್ಪಣೆ.”